ಹಿಂದಿನವರ ಗೆರಟೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಂಟ್ವಾಳದ ಮನೆಯಿಂದ ಸಿಟ್ಟಿನಲ್ಲೇ ಹೊರಟೆ. ಹೆಗಲಿನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಬಿ.ಪಿ. ಮಾತ್ರೆ, ಒಂದು ಟಾರ್ಚು. ಹೋಗಬೇಕಾದದ್ದು ಮೂಡುಬಿದಿರೆಗೆ. ಸಿದ್ಧಕಟ್ಟೆ ಮೇಲಿನ ಬಸ್ಸು ಹಿಡಿದರೆ ಒಂದು ಗಂಟೆಯ ದಾರಿ. ನಾನು ಮಾತ್ರ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ವೇಣೂರು ದಾರಿಯಾಗಿ ಸುತ್ತಿ ಹೋದೆ. ಬೆಳ್ತಂಗಡಿಯಲ್ಲಿ ಒಬ್ಬರನ್ನು ಕಾಣಬೇಕಾಗಿತ್ತು.

ಮೂಡುಬಿದಿರೆಯ ಮೂರು ಸಣ್ಣ ವಸ್ತುಸಂಗ್ರಹಾಲಯಗಳು ಒಂದು ವಾರ ರಾತ್ರಿ ಹೊತ್ತು ತೆರೆದಿರುತ್ತವೆ, ವ್ಯಾನಿನಲ್ಲಿ ಕರೆದುಕೊಂಡು ಹೋಗಿ ವಿವರಿಸಿ ತೋರಿಸುತ್ತಾರೆ ಎಂದು ನನ್ನ ಫೋನಿಗೆ ಆಮಂತ್ರಣ ಬಂದಿತ್ತು. ಕೊನೆಯ ಸಂಗ್ರಹಾಲಯದಲ್ಲಿ ಒಂದು ಹಳೆಯ ಹೋಟೆಲನ್ನು ಹಾಗೆಯೇ ನಿಲ್ಲಿಸಿದ್ದಾರೆ. ಅದು ಪುಂಜಾಲಕಟ್ಟೆಯಲ್ಲಿದ್ದ ನಮ್ಮ ಹೋಟೆಲು. ರಸ್ತೆ ಅಗಲ ಮಾಡುವಾಗ ಕಟ್ಟಡ ಹೋಯಿತು. ಬೆಂಚು, ಗ್ಲಾಸಿನ ಕಪಾಟು, ತಾಮ್ರದ ಬಾಯ್ಲರು, ಹಿಂದಿನ ಕಿಟಕಿಯ ಮರದ ದಾರಂದ, ಎಲ್ಲವನ್ನೂ ನಾನೇ ಅವರಿಗೆ ಕೊಟ್ಟಿದ್ದೆ. ದಾನಿ ಎಂದು ಆ ಶನಿವಾರ ರಾತ್ರಿ ನನಗೆ ಶಾಲು ಹೊದಿಸುವುದು, ಮೊದಲ ಕಷಾಯವನ್ನು ನಾನೇ ಅತಿಥಿಗಳಿಗೆ ಹೊಯ್ದು ಕೊಡುವುದು ಎಂದು ನಿಶ್ಚಯವಾಗಿತ್ತು.

ಆಮಂತ್ರಣದ ಜೊತೆ ಒಂದು ಫೋಟೋ ಇತ್ತು. ಹಗ್ಗದಲ್ಲಿ ಸಾಲಾಗಿ ತೂಗುಹಾಕಿದ ಗೆರಟೆಗಳು. ಗೆರಟೆ ಎಂದರೆ ತೆಂಗಿನಕಾಯಿಯ ಗಟ್ಟಿ ಚಿಪ್ಪು. ಘಟ್ಟದ ಮೇಲಿನವರು ಕರಟ ಎನ್ನುತ್ತಾರೆ. ಎಣ್ಣೆ ಹಚ್ಚಿ ಉಜ್ಜಿ ಮಿರಮಿರ ಮಿಂಚುವಂತೆ ಮಾಡಿದ್ದರು. ಕೆಳಗೆ ಬೋರ್ಡು: "ಹಿಂದಿನವರ ಪರಿಸರಸ್ನೇಹಿ ಲೋಟ. ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಚಹಾ ಸವಿಯುತ್ತಿದ್ದ ಬಗೆ."

ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಮ್ಮ ಹಿರಿಯರಲ್ಲಿ ಒಬ್ಬನೇ ಒಬ್ಬ ಅದರಲ್ಲಿ ಚಹಾ ಕುಡಿದವನಲ್ಲ. ಹೋಟೆಲಿನ ಒಳಗೆ ಕಾಲಿಡಲು ನಾವು ಬಿಡದೆ ಇದ್ದ ಜನ, ಹಿತ್ತಿಲ ಕಿಟಕಿಯ ಹೊರಗೆ ನಿಂತು ಅದರಲ್ಲಿ ಕುಡಿಯಬೇಕಾಗಿತ್ತು. ಅವರನ್ನು ಆಗ ನಾವು ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಹೋಟೆಲಿನ ಒಳಗೆ ಅವರಿಗೆ ಒಂದೇ ಹೆಸರು: ಹಿಂದಿನವರು. "ಹಿಂದಿನವರಿಗೆ ಎರಡು ಚಾ" ಎಂದು ಅಪ್ಪ ದುಡ್ಡಿನ ಗಲ್ಲೆಯಿಂದ ಕೂಗಿದರೆ ನಾನು ಕೆಟ್ಲು ಹಿಡಿದು ಹಿತ್ತಿಲ ಕಿಟಕಿಗೆ ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕೂತವನು ನಾನು. ಇದು ಅಪರಾಧ ಎಂದು ಕಾನೂನು ಬಂದು ಎಷ್ಟೋ ವರ್ಷ ಆಗಿತ್ತು, ನಮಗೂ ಗೊತ್ತಿತ್ತು. ತಪಾಸಣೆಗೆ ಯಾರೋ ಬರುತ್ತಾರೆ ಎಂಬ ಸುದ್ದಿ ಬಂದ ದಿನ ಗೆರಟೆಗಳನ್ನು ಕಟ್ಟಿಗೆ ರಾಶಿಯ ಸಂದಿಗೆ ತುರುಕುತ್ತಿದ್ದವನೂ ನಾನೇ.

ಬೋರ್ಡಿನ ಸುಳ್ಳಿಗೂ ಕಾರಣ ನಾನೇ. ಸಾಮಾನು ಒಯ್ಯಲು ಬಂದಿದ್ದ ಸಂಗ್ರಹಾಲಯದ ಪ್ರಸಾದ್ ಎಂಬವರು ಘಟ್ಟದ ಮೇಲಿನವರು. ಅಟ್ಟದ ಗೋಣಿಯಲ್ಲಿದ್ದ ಗೆರಟೆಗಳನ್ನು ನೋಡಿ ಇದೇನು ಎಂದು ಕೇಳಿದರು. "ಹಿಂದಿನವರು ಚಾ ಕುಡಿಯುತ್ತಿದ್ದ ಗೆರಟೆ" ಎಂದೆ. ಅವರು ಅದನ್ನು ಪೂರ್ವಿಕರು ಎಂದು ತಿಳಿದರು. "ಎಷ್ಟು ಚೆಂದ ಸಾರ್!" ಎಂದರು. ಅವರು ತಪ್ಪು ತಿಳಿದರು ಎಂಬುದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ನಾನು ತಿದ್ದಲಿಲ್ಲ. ಗೋಣಿಯ ಬಾಯಿ ಕಟ್ಟಿ ಅವರ ಜೀಪಿಗೆ ಹಾಕಿದೆ.

ಈಗ ಆ ಬೋರ್ಡು ಬದಲಾಗಬೇಕು, ಅತಿಥಿಗಳು ಬರುವ ಮೊದಲೇ ಬದಲಾಗಬೇಕು ಎಂದು ನಾನು ಹೊರಟದ್ದು.

ಬಂಟ್ವಾಳ ಬೈಪಾಸಿನಲ್ಲಿ ಸರಕಾರಿ ಬಸ್ಸು ಸಿಕ್ಕಿತು. ಬೆಳ್ತಂಗಡಿಗೆ ಟಿಕೆಟು ನಲ್ವತ್ತು ಚಿಲ್ಲರೆ. ಬಸ್ಸಿನ ತುಂಬ ಹೆಂಗಸರು, ಅವರಿಗೆ ಟಿಕೆಟಿಲ್ಲ. ನಾನು ಕಿಸೆಯಲ್ಲಿ ಚಿಲ್ಲರೆ ತಡಕುವುದನ್ನು ನೋಡಿ ಪಕ್ಕದ ಸೀಟಿನ ಅಜ್ಜಿ, "ಗಂಡಸಾಗಿ ಹುಟ್ಟಿದ್ದೇ ತಪ್ಪಾಯಿತಲ್ಲ ಅಣ್ಣ, ಈಗ ಕೊಡಿ ದುಡ್ಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ವಗ್ಗ ದಾಟಿದ ಮೇಲೆ ರಸ್ತೆ ಅಗಲ, ನುಣ್ಣಗೆ. ಪುಂಜಾಲಕಟ್ಟೆಯಲ್ಲಿ ಬಸ್ಸು ಎರಡು ನಿಮಿಷ ನಿಂತಿತು. ನಮ್ಮ ಹೋಟೆಲಿದ್ದ ಜಾಗದ ಮೇಲೆ ಲಾರಿಗಳು ಹೋಗುತ್ತಿದ್ದವು. ಹಿತ್ತಿಲ ಕಿಟಕಿಯ ಜಾಗ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡಿದೆ. ಚರಂಡಿಯ ಕಲ್ಲು ಹಾಸಿನ ಹತ್ತಿರ ಎಲ್ಲೋ. ಬಿಸಿಲು ಆಗಲೇ ಚುರುಕಾಗಿತ್ತು.

ಬೆಳ್ತಂಗಡಿಯಲ್ಲಿ ನಾನು ಕಾಣಬೇಕಾಗಿದ್ದವರು ಯಮುನಾ. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಹಡಿಯಲ್ಲಿ ಅವರದು ಹೊಲಿಗೆ ಅಂಗಡಿ. ಅರವತ್ತರ ಹತ್ತಿರದ ಹೆಂಗಸು. ಅವರ ತಂದೆ ನಮ್ಮ ಹಿತ್ತಿಲ ಕಿಟಕಿಗೆ ದಿನಾ ಬರುತ್ತಿದ್ದವರು. ತಂದೆಯ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆಂದು ಈಗ ತಿಳಿಯುತ್ತದೆ.

ಬಾಗಿಲಲ್ಲಿ ನಿಂತು ನಾನು ಯಾರು ಎಂದು ಹೇಳಿದೆ. ಮಿಷನ್ನು ತುಳಿಯುವುದನ್ನು ನಿಲ್ಲಿಸದೆ ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಓ, ಹೋಟೆಲ್ ಶೀನಣ್ಣ. ಒಳಗೆ ಬನ್ನಿ. ನಮ್ಮಲ್ಲಿ ಒಳಗೆ ಬರಬಹುದು."

ಕುಳಿತೆ. ಕೆಳಗಿನ ಕ್ಯಾಂಟೀನಿಗೆ ಅವರೇ ಕೂಗಿ ಚಹಾ ತರಿಸಿದರು. ಕಾಗದದ ಲೋಟದಲ್ಲಿ ಬಂತು.

"ಈಗ ಎಲ್ಲರಿಗೂ ಒಂದೇ, ಕುಡಿದು ಬಿಸಾಡುವುದು," ಎಂದರು. "ಎಂತ ವಿಷಯ?"

ಫೋನು ತೆಗೆದು ಬೋರ್ಡಿನ ಫೋಟೋ ತೋರಿಸಿದೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನಕ್ಕರು.

"ಪರಿಸರಸ್ನೇಹಿ! ನಮ್ಮ ಅಪ್ಪ ಪರಿಸರ ಉಳಿಸಿದ್ದು ಅಂತ ನಮಗೆ ಯಾರೂ ಹೇಳಲೇ ಇಲ್ಲ ನೋಡಿ."

"ಇದನ್ನು ಬದಲಿಸಲಿಕ್ಕೆ ಹೊರಟಿದ್ದೇನೆ. ನೀವು ಬಂದರೆ ಅವರು ಕೇಳಿಯಾರು. ರಾತ್ರಿ ಅಲ್ಲಿ ಜನ ಸೇರುತ್ತಾರೆ. ನಾನು ಎಲ್ಲರ ಎದುರು ತಪ್ಪು ಒಪ್ಪಿಕೊಳ್ತೇನೆ."

"ಅದಕ್ಕೆ ನಾನು ಯಾಕೆ?"

ಹೇಳಲೇಬೇಕಾದದ್ದನ್ನು ಆಗ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳದೆ ಇದ್ದದ್ದು. ತೆಂಗಿನಕಾಯಿ ಒಡೆದಾಗ ಒಂದು ಹೋಳಿನಲ್ಲಿ ಕಣ್ಣು ಬರುತ್ತದೆ. ಆ ಕಣ್ಣು ಚುಚ್ಚಿದರೆ ತೂತು. ಚಹಾಕ್ಕೆ ಕಣ್ಣಿಲ್ಲದ ಹೋಳನ್ನೇ ಇಡುವುದು, ಸೋರಬಾರದೆಂದು. ಒಬ್ಬೊಬ್ಬರಿಗೆ ಒಂದೊಂದು ಗೆರಟೆ, ತೊಳೆದು ಹಂಚಿನ ಮಾಡಿನ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಿದ್ದರು. ನನಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಒಂದು ಸಂಜೆ ಗೆಳೆಯರು ಒಳಗೆ ಕುಳಿತಿದ್ದರು, ಅವರನ್ನು ನಗಿಸಬೇಕಾಗಿತ್ತು. ಯಮುನಾರ ತಂದೆಯ ಗೆರಟೆಯನ್ನು ಒಲೆಗೆ ಹಾಕಿ, ಆ ಜಾಗದಲ್ಲಿ ಕಣ್ಣು ಚುಚ್ಚಿದ ಗೆರಟೆ ಇಟ್ಟೆ. ಕುದಿಯುವ ಚಹಾ ಹೊಯ್ದೆ. ಸೋರತೊಡಗಿದಾಗ ಅವರು ಬೆರಳನ್ನು ತೂತಿಗೆ ಒತ್ತಿ ಹಿಡಿದರು. ಬಿಟ್ಟರೆ ಚಹಾ ಹೋಗುತ್ತದೆ, ಹಿಡಿದರೆ ಬೆರಳು ಬೇಯುತ್ತದೆ. ಕಿಟಕಿಯಲ್ಲಿ ನಾವು ತಲೆ ತಲೆ ತಾಗಿಸಿ ನಿಂತು ನಕ್ಕೆವು. ಅವರು ಪೂರ್ತಿ ಕುಡಿದರು, ತೊಳೆದರು, ಹಣ ಇಟ್ಟು ಹೋದರು. ಮರುದಿನವೂ ಬಂದರು. ಬೆರಳಿಗೆ ಚಿಂದಿ ಸುತ್ತಿತ್ತು. ಹಲಸಿನ ಮೇಣದ ಉಂಡೆ ತಂದಿದ್ದರು. ತೂತಿಗೆ ಮೆತ್ತಿ, ಅದೇ ಗೆರಟೆ ಒಡ್ಡಿದರು. ನನ್ನ ಮುಖ ನೋಡಲಿಲ್ಲ.

ಮಿಷನ್ನು ನಿಂತಿತ್ತು.

"ಆ ಬೆರಳಿನ ಉಗುರು ಮತ್ತೆ ಸರಿಯಾಗಿ ಬರಲೇ ಇಲ್ಲ," ಎಂದರು ಯಮುನಾ. "ಬೆಂಕಿಕೊಳ್ಳಿ ತಾಗಿದ್ದು ಅಂತ ಹೇಳಿದ್ದರು ಅಪ್ಪ. ಸಾಯುವವರೆಗೂ ಅದನ್ನೇ ಹೇಳಿದರು."

ನಾನು ಕೈ ಮುಗಿದೆ.

"ಕೈ ಇಳಿಸಿ. ನನಗೆ ಯಾಕೆ ಹೇಳಿದಿರಿ? ಬೆಂಕಿಕೊಳ್ಳಿ ನನಗೆ ಸಾಕಾಗಿತ್ತು. ಇನ್ನು ಅಪ್ಪನನ್ನು ನೆನೆಸಿದಾಗೆಲ್ಲ ನೀವೂ ಕಿಟಕಿಯಲ್ಲಿ ಬಂದು ನಿಲ್ತೀರಿ. ನಿಮಗೆ ಹಗುರಾಯಿತು, ಅಲ್ಲವಾ?"

ಹಗುರವೇನೂ ಆಗಿರಲಿಲ್ಲ.

"ನಿಮ್ಮ ಪಶ್ಚಾತ್ತಾಪಕ್ಕೆ ನಾನು ಬಸ್ಸು ಹತ್ತುವುದಿಲ್ಲ ಶೀನಣ್ಣ. ನಾಳೆ ಮದುವೆಯ ರವಕೆ ಕೊಡಲಿಕ್ಕುಂಟು. ಹೇಳುವುದಿದ್ದರೆ ನೀವು ಹೋಗಿ ಹೇಳಿ. ಅಪ್ಪನ ಹೆಸರು ಮಾತ್ರ ಎಲ್ಲಿಯೂ ಬರಬಾರದು. ಅವರು ಮುಚ್ಚಿಟ್ಟದ್ದನ್ನು ತೆರೆಯಲಿಕ್ಕೆ ನಿಮಗೆ ಹಕ್ಕಿಲ್ಲ."

ಮೆಟ್ಟಿಲಿಳಿಯುವಾಗ ಅವರ ಮೇಲೆ ಸಿಟ್ಟು ಬಂತೆಂದರೆ ಸುಳ್ಳಲ್ಲ. ಒಂದು ಗಳಿಗೆ ಬಂತು: ಇಷ್ಟು ದೂರ ಬಂದವನನ್ನು ಹೀಗೆ ಕಳುಹಿಸುವುದೇ ಎಂದು. ಆಮೇಲೆ ಆ ಸಿಟ್ಟಿನ ಮೇಲೆಯೇ ಸಿಟ್ಟು ಬಂತು. ಕ್ಷಮೆಯನ್ನೂ ನಾನು ಗಲ್ಲೆಯಲ್ಲಿ ಕೂತು ಆರ್ಡರು ಕೊಟ್ಟ ಹಾಗೆ ಕೇಳಲು ಹೋಗಿದ್ದೆ.

ಕೆಳಗೆ ಒಂದು ಹೋಟೆಲಿನಲ್ಲಿ ಕುಚ್ಚಲಕ್ಕಿ ಊಟ, ಬಂಗುಡೆ ಸಾರು. ಅರ್ಧಕ್ಕೆ ಎದ್ದೆ. ಮೂಡುಬಿದಿರೆಯ ಖಾಸಗಿ ಬಸ್ಸು ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿ, ವೇಣೂರಿನಲ್ಲಿ ಶಾಲೆಯ ಮಕ್ಕಳನ್ನು ತುಂಬಿಸಿಕೊಂಡು, ಶಿರ್ತಾಡಿಯಲ್ಲಿ ಅವರನ್ನೆಲ್ಲ ಇಳಿಸಿತು. ಇಕ್ಕೆಲದ ಕಾಡುಮರಗಳ ನಡುವೆ ಗಾಳಿ ತಂಪಾಗಿತ್ತು. ಮೂಡುಬಿದಿರೆ ತಲುಪುವಾಗ ಮಧ್ಯಾಹ್ನ ಮೂರು ದಾಟಿತ್ತು. ಬಸ್ ನಿಲ್ದಾಣದ ಹತ್ತಿರ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದು, ಮುಖ ತೊಳೆದು, ಆಟೋದಲ್ಲಿ ಸಂಗ್ರಹಾಲಯಕ್ಕೆ ಹೋದೆ.

ನಮ್ಮ ಹೋಟೆಲು ಅಲ್ಲಿತ್ತು. ನಾನು ಹುಟ್ಟಿ ಬೆಳೆದ ಹೋಟೆಲಿಗಿಂತ ಚೆನ್ನಾಗಿಯೇ ಇತ್ತು. ಹೊಗೆಯಿಲ್ಲ, ನೊಣವಿಲ್ಲ. ಕಿಟಕಿಯ ದಾರಂದವನ್ನು ಹಲಗೆಯ ಗೋಡೆಯಲ್ಲಿ ಕೂರಿಸಿ, ಅದರ ಹೊರಗೆ ಎರಡು ಮೆಟ್ಟಿಲಷ್ಟು ತಗ್ಗಿನಲ್ಲಿ ಅಂಗಳ ಮಾಡಿದ್ದರು. ಅಂದು ಇದ್ದ ಹಾಗೆಯೇ. ಗೆರಟೆಗಳ ಸಾಲಿನಲ್ಲಿ ಕಣ್ಣಿನ ಗೆರಟೆಯೂ ಇತ್ತು. ತೂತು ಬರಿದು. ಮೇಣವಿಲ್ಲ.

"ಅದರಲ್ಲಿ ಮೇಣ ಇತ್ತು," ಎಂದೆ.

"ಹೌದು ಸಾರ್, ಏನೋ ಕೊಳೆ ಮೆತ್ತಿಕೊಂಡಿತ್ತು. ಎಣ್ಣೆ ಹಾಕಿ ಕೆರೆದು ತೆಗೆಸಿದ್ವಿ," ಎಂದರು ಪ್ರಸಾದ್.

ಅವರನ್ನು ಬೆಂಚಿನಲ್ಲಿ ಕೂರಿಸಿ ಎಲ್ಲ ಹೇಳಿದೆ, ಒಂದು ಹೆಸರನ್ನು ಬಿಟ್ಟು. ಪ್ರಸಾದ್ ಕೆಟ್ಟ ಮನುಷ್ಯರಲ್ಲ. ಮುಖ ಸಣ್ಣದಾಯಿತು. ನೀರು ಕುಡಿದರು. ಆಮೇಲೆ ಗಡಿಯಾರ ನೋಡಿದರು.

"ಅಯ್ಯೋ ಸಾರ್, ಇದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳಬೇಕಿತ್ತು."

"ಈಗ ಬೋರ್ಡು ತೆಗೆಯೋಕೆ ಕಮಿಟಿಯವರನ್ನ ಕೇಳಬೇಕು. ಅಧ್ಯಕ್ಷರು ಊರಲ್ಲಿಲ್ಲ. ಜನ ಟಿಕೆಟ್ ತಗೊಂಡಿದ್ದಾರೆ, ರಾತ್ರಿ ಹೊತ್ತು ಖುಷಿಯಾಗಿ ನೋಡಿಕೊಂಡು ಹೋಗೋಣ ಅಂತ ಬರ್ತಾರೆ. ಜಾತಿ ವಿಷಯ ಎತ್ತಿದರೆ..."

"ನಾನು ಎತ್ತುವುದಲ್ಲ ಮಾರಾಯ್ರೆ, ನೀವು ಹಗ್ಗ ಕಟ್ಟಿ ತೂಗುಹಾಕಿದ್ದೀರಿ!"

"ಕೋಪ ಮಾಡ್ಕೋಬೇಡಿ ಸಾರ್. ಮುಂದಿನ ತಿಂಗಳು ನೋಡೋಣ. ಇವತ್ತು ನಿಮಗೆ ಸನ್ಮಾನ ಬೇರೆ ಇದೆ."

ಸನ್ಮಾನ! ಬಾಯಿಗೆ ಬಂದದ್ದನ್ನು ನುಂಗಿದೆ. ಶಾಲು ಬೇಡ ಎಂದೆ. ಕಷಾಯ ಮಾತ್ರ ನಾನೇ ಹೊಯ್ಯುತ್ತೇನೆ ಎಂದೆ. ಅಷ್ಟರಲ್ಲೇ ಮುಗಿಯಿತಲ್ಲ ಎಂದು ಅವರಿಗೆ ನೆಮ್ಮದಿಯಾಯಿತು. ನನ್ನ ಮನಸ್ಸಿನಲ್ಲಿ ಏನು ಬಂದಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಕತ್ತಲಾದ ಮೇಲೆ ವ್ಯಾನು ಹೊರಟಿತು. ಇಪ್ಪತ್ತರಷ್ಟು ಜನ. ಮಂಗಳೂರಿನ ಎರಡು ಸಂಸಾರ, ಬೆಂಗಳೂರಿನ ಕೆಲವರು, ರಜೆಗೆ ಬಂದ ದುಬಾಯಿಯ ಕಿಶೋರ್ ಎಂಬವರು ಮತ್ತು ಅವರ ಹೆಂಡತಿ. ಎಲ್ಲರ ಕೈಗೂ ಲಾಟೀನಿನ ಆಕಾರದ ಬ್ಯಾಟರಿ ದೀಪ ಕೊಟ್ಟರು. ಚಳಿ ಶುರುವಾಗಿತ್ತು, ತಲೆಗೆ ಮಫ್ಲರ್ ಸುತ್ತಿಕೊಂಡೆ.

ಮೊದಲನೆಯದು ಶಿಲಾಶಾಸನಗಳ ಮನೆ. ಅದು ಚೆನ್ನಾಗಿತ್ತು ಎಂದು ಬರೆಯಲೇಬೇಕು. ವಿವರಿಸುವ ಹುಡುಗಿ ದೀಪಗಳನ್ನೆಲ್ಲ ಆರಿಸಲು ಹೇಳಿ, ಒಂದು ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದಳು. ಬರೀ ಸವೆದ ಬಂಡೆ ಎಂದು ಕಂಡದ್ದರಲ್ಲಿ ಸಾಲು ಸಾಲು ಅಕ್ಷರ ಎದ್ದವು. ಹಗಲಲ್ಲಿ ಇದು ಕಾಣುವುದಿಲ್ಲ, ಅದಕ್ಕೇ ರಾತ್ರಿ ಕರೆದದ್ದು ಎಂದಳು. ಜನ ಓಹೋ ಎಂದರು. ನಾನೂ ಬಾಗಿ ನೋಡಿದೆ.

ಎರಡನೆಯದರಲ್ಲಿ ನೇಗಿಲು, ನೊಗ, ಮೀನು ಹಿಡಿಯುವ ಕೂಳಿ, ಗೊರಬೆ. ಗೊರಬೆ ಎಂದರೆ ಮಳೆಗೆ ಗದ್ದೆಯಲ್ಲಿ ಬಗ್ಗಿ ಭತ್ತದ ನೇಜಿ ನೆಡುವಾಗ ಬೆನ್ನಿನ ಮೇಲೆ ಹಾಕಿಕೊಳ್ಳುವ ಎಲೆಯ ಹೊದಿಕೆ. ಮಂಗಳೂರಿನ ಒಬ್ಬ ಹೆಂಗಸು ಅದನ್ನು ಹೊದ್ದು ಫೋಟೋ ತೆಗೆಸಿಕೊಂಡರು. ಕಿಶೋರ್ ನೊಗಕ್ಕೆ ಕುತ್ತಿಗೆ ಕೊಟ್ಟು ಹೆಂಡತಿಗೆ, "ನೋಡು, ನಮ್ಮ ಮದುವೆ ಫೋಟೋ" ಎಂದರು. ಎಲ್ಲ ನಕ್ಕರು. ಒಳ್ಳೆಯ ಮನಸ್ಸಿನ ತಮಾಷೆಯೇ. ಇವರಲ್ಲಿ ಒಬ್ಬರಿಗಾದರೂ ಇದನ್ನು ಯಾರು ಹೊತ್ತರು ಎಂದು ಕೇಳಬೇಕೆಂದು ಅನಿಸುವುದಿಲ್ಲವೇ? ಮರುಕ್ಷಣ ನೆನಪಾಯಿತು, ನನಗೂ ಐವತ್ತು ವರ್ಷ ಅನಿಸಿರಲಿಲ್ಲ.

ಮೂರನೆಯದು ನಮ್ಮ ಹೋಟೆಲು. ಪ್ರಸಾದ್ ನನ್ನನ್ನು ಪರಿಚಯಿಸಿದರು. ಚಪ್ಪಾಳೆ. ಬೋರ್ಡು ಹಾಗೆಯೇ ತೂಗುತ್ತಿತ್ತು. ವಿವರಿಸುವ ಹುಡುಗಿ ಗೆರಟೆಗಳ ಹತ್ತಿರ ನಿಂತಳು. ಆ ವಾರದ ಹಿಂದಿನ ಸಂಜೆಗಳಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು.

"ಈ ಒಂದು ಗೆರಟೆಯಲ್ಲಿ ತೂತು ಉಂಟು ನೋಡಿ. ಚಹಾ ಬೇಗ ಆರಲಿಕ್ಕೆ ನಮ್ಮ ಹಿರಿಯರು ಮಾಡಿದ ಉಪಾಯ. ಆಗಿನವರ ವಿಜ್ಞಾನ."

"ಸೂಪರ್!" ಎಂದರು ಯಾರೋ.

ಆ ಹುಡುಗಿಯನ್ನು ಬೈದು ಏನು ಬಂತು, ಅವಳಿಗೆ ಯಾರೋ ಕಲಿಸಿದ್ದು. ನಾನು ಕಷಾಯದ ಕೆಟ್ಲು ಎತ್ತಿಕೊಂಡೆ.

"ಇದನ್ನು ಕುಡಿಯುವ ಕ್ರಮ ತೋರಿಸ್ತೇನೆ. ಒಬ್ಬರು ಹೊರಗೆ ಹೋಗಿ ಕಿಟಕಿಯ ಕೆಳಗೆ ನಿಲ್ಲಬೇಕು. ಯಾರು ಬರ್ತೀರಿ?"

"ನಾನು ಬರ್ತೇನೆ ಮಾರಾಯ್ರೆ," ಎಂದು ಕಿಶೋರ್ ಅಂಗಳಕ್ಕೆ ಇಳಿದರು. ಕಣ್ಣಿನ ಗೆರಟೆಯನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ, ಕೈಗೆ ಕೊಡಲಿಲ್ಲ. ಅವರು ಎತ್ತಿಕೊಂಡು ಒಡ್ಡಿದರು. ನಾನು ಹೊಯ್ಯತೊಡಗಿದೆ.

"ಎಂತ ಮಾರಾಯ್ರೆ, ಆಕಾಶದಿಂದ ಹೊಯ್ತೀರಿ? ಜೋಗ ಜಲಪಾತವಾ?" ಎಂದು ಅವರು ಗೆರಟೆಯನ್ನು ಮೇಲೆತ್ತಿದರು.

ಆಗ ನನ್ನ ಕೈಯೂ ಮೇಲೆ ಹೋಯಿತು. ನಾನು ಎತ್ತಿದ್ದಲ್ಲ. ಅವರು ಇನ್ನೂ ಎತ್ತಿದರು, ಕೈ ಇನ್ನೂ ಮೇಲೆ ಹೋಯಿತು. ನಡುವೆ ಒಂದು ಗೇಣು. ಗೆರಟೆ ಮೇಲೆ ಬಂದರೆ ಕೆಟ್ಲೂ ಮೇಲೆ ಹೋಗಬೇಕು, ತಾಗಬಾರದು ಎಂದು ಅಪ್ಪ ಕಲಿಸಿದ್ದರು. ಫೋನಿನ ನಂಬರು ಮರೆಯುತ್ತೇನೆ, ಮೊಮ್ಮಕ್ಕಳ ಹೆಸರು ಅದಲುಬದಲು ಮಾಡುತ್ತೇನೆ. ಆ ಒಂದು ಗೇಣನ್ನು ಕೈ ಮರೆತಿರಲಿಲ್ಲ. ಒಂದು ಹನಿ ಆಚೀಚೆ ಬೀಳಲಿಲ್ಲ.

"ಅಯ್ಯೋ, ಸೋರ್ತಾ ಉಂಟು! ಬೆರಳು, ಬೆರಳು!"

"ಬೆರಳು ತೆಗೀಬೇಡಿ. ತೆಗೆದರೆ ಚಾ ಹೋಗ್ತದೆ," ಎಂದೆ.

ಹಿಂದಿನಿಂದ ನಗು ಎದ್ದಿತು. ಕಿಟಕಿಗೆ ತಲೆಗಳು ಒತ್ತಿಕೊಂಡು ಬಂದವು, ದೀಪಗಳು, ಫೋನುಗಳು. ಅದೇ ನಗು. ಐವತ್ತು ವರ್ಷದ ಹಿಂದಿನ ಅದೇ ಕಿಟಕಿಯಲ್ಲಿ ಅದೇ ನಗು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಕೆಟ್ಲು ಕೆಳಗಿಟ್ಟೆ.

"ನಗಬೇಡಿ!" ಎಂದು ಕೂಗಿದೆ. ಆ ಕೂಗು ನನಗೇ ಹೆದರಿಕೆಯಾಗುವಷ್ಟು ಜೋರಾಗಿತ್ತು.

ಆಮೇಲೆ ಹೇಳಿದೆ. ಹಿಂದಿನವರು ಎಂದರೆ ಯಾರು, ಹಿಂದೆ ಎಂದರೆ ಎಲ್ಲಿ, ಅಪ್ಪ ಗಲ್ಲೆಯಿಂದ ಏನೆಂದು ಕೂಗುತ್ತಿದ್ದರು. ತೂತು ಯಾಕೆ, ಯಾರು ಮಾಡಿದ್ದು. ಬೆಂದ ಬೆರಳು, ಮೇಣದ ಉಂಡೆ. ನಮ್ಮ ಹಿರಿಯರ ವಿಜ್ಞಾನ ಇಷ್ಟೇ ಎಂದೆ. ಗೆರಟೆ ತೂಗುಹಾಕಿದವರನ್ನು ಬೈದೆ, ಅದಕ್ಕೆ ಎಣ್ಣೆ ಹಚ್ಚಿದವರನ್ನು ಬೈದೆ, ಎಲ್ಲರಿಗಿಂತ ಹೆಚ್ಚು ನನ್ನನ್ನು ಬೈದುಕೊಂಡೆ. ಎಲ್ಲವೂ ಸರಿಯಾಗಿ ಜೋಡಿಸಿಕೊಂಡು ಬರಲಿಲ್ಲ. ಕೆಲವನ್ನು ಎರಡು ಸಲ ಹೇಳಿದೆ.

ಕಿಶೋರ್ ಕೆಳಗಿನಿಂದಲೇ ಕೇಳಿಸಿಕೊಂಡರು. ಮುಖ ಕೆಂಪಾಗಿತ್ತು. "ಹಾಗಾದರೆ ನನ್ನ ಕೈಗೆ ಯಾಕೆ ಕೊಟ್ಟದ್ದು? ನಾನು ಎಂತ ಮಾಡಿದ್ದೇನೆ? ನಾನು ಟಿಕೆಟ್ ತೆಗೆದು ಬಂದವ."

"ಅವರೂ ಚಹಾದ ಹಣ ಕೊಟ್ಟವರೇ," ಎಂದೆ.

ಅವರು ಗೆರಟೆಯನ್ನು ಕಟ್ಟೆಯ ಮೇಲೆ ಕುಕ್ಕಿ ಹೆಂಡತಿಯನ್ನು ಕರೆದುಕೊಂಡು ವ್ಯಾನಿಗೆ ಹೋದರು. ಅವರ ಬೆರಳು ಸುಟ್ಟಿರಲಿಲ್ಲ, ಕಷಾಯ ಅಷ್ಟು ಬಿಸಿ ಇರಲಿಲ್ಲ. ಆದರೂ ಅವರು ಕೇಳಿದ್ದು ನ್ಯಾಯವೇ. ನನ್ನ ಪಾಠಕ್ಕಾಗಿ ನಾನು ಮತ್ತೊಬ್ಬ ಮನುಷ್ಯನನ್ನು ಕಿಟಕಿಯ ಕೆಳಗೆ ನಿಲ್ಲಿಸಿದ್ದೆ. "ಆಗಿನ ಕಾಲ ಹಾಗಿತ್ತು, ಬಿಡಿ ಅಜ್ಜ" ಎಂದು ಯಾರೋ ನನ್ನ ಬೆನ್ನು ತಟ್ಟಿದರು. ಆ ಕೈಯನ್ನು ಸರಿಸಿದೆ. ಬೆಂಗಳೂರಿನ ಒಬ್ಬ ವಯಸ್ಸಾದ ಹೆಂಗಸು ಮಾತ್ರ, ಕುಡಿಯಲೆಂದು ಹಗ್ಗದಿಂದ ಬಿಚ್ಚಿಕೊಂಡಿದ್ದ ಖಾಲಿ ಗೆರಟೆಯನ್ನು ಮೆಲ್ಲನೆ ಬೆಂಚಿನ ಮೇಲಿಟ್ಟು, "ನಮ್ಮ ಮನೆ ಹಿತ್ತಲಲ್ಲೂ ಇತ್ತು" ಎಂದರು.

ಲಾಡ್ಜಿನಲ್ಲಿ ಬೆಳಗಿನ ತನಕ ಸೊಳ್ಳೆ. ಏಳು ಗಂಟೆಗೆ ಬಂಟ್ವಾಳದಿಂದ ಮಗಳ ಫೋನು. ಯಾರೋ ತೆಗೆದ ವೀಡಿಯೊ ರಾತ್ರಿಯೇ ಅವಳ ಫೋನಿಗೆ ಬಂದಿತ್ತು.

"ಎಂತ ಮಾಡಿದಿರಿ ಅಪ್ಪ? ಸತ್ತುಹೋದ ಅಜ್ಜನನ್ನು ಯಾಕೆ ಎಳೆದದ್ದು? ಗಂಡನ ಮನೆಯವರಿಗೆ ನಾನು ಹೇಗೆ ಮುಖ ತೋರಿಸಲಿ?"

"ಹೊಯ್ದದ್ದು ನಾನು ಮಗ," ಎಂದೆ. ಅವಳು ಫೋನಿಟ್ಟಳು.

ಇಡ್ಲಿ ತಿಂದು ಸಂಗ್ರಹಾಲಯಕ್ಕೆ ಹೋದೆ. ಹೋಟೆಲಿನೊಳಗೆ ಬೋರ್ಡು ಇರಲಿಲ್ಲ. ನನಗೆ ಒಂದು ಕ್ಷಣ ಸಂತೋಷವಾಯಿತು. ಆಮೇಲೆ ನೋಡಿದರೆ ಹಗ್ಗವೂ ಇರಲಿಲ್ಲ, ಗೆರಟೆಗಳೂ ಇರಲಿಲ್ಲ. ಬೆಂಚು, ಕಪಾಟು, ಬಾಯ್ಲರು. ಯಾರೂ ಯಾರಿಗೂ ಏನೂ ಮಾಡದೆ ಇದ್ದ ಹೋಟೆಲು. ಗೋಣಿ ಗೇಟಿನ ಪಕ್ಕದಲ್ಲಿ ಕೂತಿತ್ತು.

"ತಗೊಂಡು ಹೋಗಿಬಿಡಿ ಸಾರ್," ಎಂದರು ಪ್ರಸಾದ್. ಅವರೂ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. "ಅಧ್ಯಕ್ಷರು ಫೋನಲ್ಲಿ ಬೈದರು. ಗಲಾಟೆಯ ವಸ್ತು ಬೇಡವೇ ಬೇಡ ಅಂದರು."

"ಕಟ್ಟಿಗೆ ರಾಶಿಯ ಸಂದಿಗೆ ತುರುಕುವುದು ನಾನು ಮಾಡುತ್ತಿದ್ದ ಕೆಲಸ. ನೀವು ಮಾಡಬೇಡಿ. ಗೆರಟೆ ಇಡದಿದ್ದರೆ ಬೆಂಚೂ ಇಡಬೇಡಿ. ಈಗಲೇ ಟೆಂಪೋ ತರಿಸ್ತೇನೆ, ಎಲ್ಲ ವಾಪಸು ಕೊಡಿ."

ಬೆಂಚಿನ ಮೇಲೆ ಕುಳಿತುಬಿಟ್ಟೆ. ಏಳುವುದಿಲ್ಲ ಎಂದೆ. ಬಹಳ ಹೊತ್ತು ವಾದವಾಯಿತು. ಪ್ರಸಾದ್ ಹೊರಗೆ ಹೋಗಿ ಎರಡು ಸಲ ಫೋನು ಮಾಡಿ ಬಂದರು. ಕೊನೆಗೆ ನನ್ನ ಪಕ್ಕದಲ್ಲಿ ಕೂತು, "ಏನು ಬರೆಯೋಣ ಹೇಳಿ ಸಾರ್" ಎಂದರು.

ನನಗೆ ಹೊದಿಸದೆ ಉಳಿದ ಶಾಲಿನ ಪೆಟ್ಟಿಗೆಯ ರಟ್ಟು ಮೇಜಿನ ಮೇಲಿತ್ತು. ಅದರ ಹಿಂಬದಿಯಲ್ಲಿ ನನ್ನ ಕೈಯಾರೆ ಬರೆದೆ:

"ಹೋಟೆಲಿನ ಒಳಗೆ ಬಿಡದೆ ಹಿಂದೆ ನಿಲ್ಲಿಸಿದ ಜನರು ಈ ಗೆರಟೆಗಳಲ್ಲಿ ಚಹಾ ಕುಡಿದರು. ಗ್ಲಾಸು ಅವರಿಗೆ ಕೊಡುತ್ತಿರಲಿಲ್ಲ. ಒಂದು ಗೆರಟೆಗೆ ನಗುವುದಕ್ಕಾಗಿ ತೂತು ಮಾಡಲಾಗಿತ್ತು. ಕುಡಿದವರು ಬೆರಳು ಸುಟ್ಟುಕೊಂಡರು. ತೂತು ಮಾಡಿದವನು, ಮೇಲಿನಿಂದ ಹೊಯ್ದವನು, ಪುಂಜಾಲಕಟ್ಟೆ ಹೋಟೆಲಿನ ಶೀನ."

ಪ್ರಸಾದ್ ಓದಿದರು. "ನಿಮ್ಮ ಹೆಸರು ಬೇಡ ಸಾರ್. ಮನೆಯವರು ನೊಂದ್ಕೋತಾರೆ."

"ಹೆಸರಿಲ್ಲದಿದ್ದರೆ ಬೋರ್ಡಿಲ್ಲ. ಮಾಡಿದವನು ಯಾರೂ ಇಲ್ಲ ಎಂದಾಗ್ತದೆ."

ಅವರು ದಪ್ಪ ಪೆನ್ನು ತಂದು, ದೊಡ್ಡ ಹಾಳೆಯಲ್ಲಿ ಚೆಂದದ ಅಕ್ಷರದಲ್ಲಿ ನಕಲು ಮಾಡತೊಡಗಿದರು. ಕೊನೆಯ ಸಾಲಿಗೆ ಬಂದು ಕೈ ನಿಲ್ಲಿಸಿದರು.

"ಇಲ್ಲೊಂದು ತಿದ್ದಲಾ ಸಾರ್? 'ಹೊಯ್ದವನು' ಅಂತ ಬರೆದಿದ್ದೀರಿ. ವಯಸ್ಸಾದವರು ನೀವು, ಓದೋರಿಗೆ ಸರಿ ಕಾಣಲ್ಲ. 'ಹೊಯ್ದವರು' ಅಂತ ಮಾಡ್ತೀನಿ."

"ಬೇಡ," ಎಂದೆ. "ಕುಡಿದವರು 'ಅವರು'. ಹೊಯ್ದವನು 'ಅವನು'. ಹಾಗೆಯೇ ಬರೆಯಿರಿ."

ಅವರು ಹಾಗೆಯೇ ಬರೆದರು. ಗೆರಟೆಗಳನ್ನು ಮತ್ತೆ ಕಟ್ಟುವವರೆಗೆ ನಿಂತಿದ್ದು, ಹತ್ತೂವರೆಯ ಬಸ್ಸಿಗೆ ಸಿದ್ಧಕಟ್ಟೆ ಮೇಲಿನ ದಾರಿಯಲ್ಲಿ ಬಂಟ್ವಾಳಕ್ಕೆ ಹೊರಟೆ.